ನಲ್ಲಿ ಕಡೆಯವರ ಲಗೋರಿ

ಒದ್ದೆ ಮಣ್ಣಿನ ಮೇಲೆ ಸುಣ್ಣದ ಪುಡಿ ಬಿದ್ದಾಗ ಏಳುವ ವಾಸನೆಯೊಂದಿದೆ. ತುಸು ಖಾರ, ತುಸು ತಂಪು. ಕಳೆದ ಗಣೇಶನ ಹಬ್ಬದ ಭಾನುವಾರ, ಕೋಣನಕುಂಟೆಯ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಅಂಗಳದಲ್ಲಿ, ಮಕ್ಕಳನ್ನೂ ತಂದೆತಾಯಿಯರನ್ನೂ ಒಟ್ಟಿಗೆ ಆಟವಾಡಿಸಲೆಂದು ಯಾರೋ ಸುಣ್ಣದ ಗೆರೆ ಎಳೆಯುತ್ತಿದ್ದರು. ಮೊದಲ ಮಹಡಿಯ ಬಾಲ್ಕನಿಯಲ್ಲಿ ಹೂ ಕಟ್ಟುತ್ತಾ ಕುಳಿತಿದ್ದ ನನ್ನ ಮೂಗಿಗೆ ಆ ವಾಸನೆ ತಾಗಿದ್ದೇ ತಡ, ಅರುವತ್ತು ವರ್ಷಗಳ ಹಿಂದಿನ ಒಂದು ಅನ್ಯಾಯ ಮೈಕೊಡವಿ ಎದ್ದು ನಿಂತಿತು. ನನ್ನ ಮೊಣಕಾಲು ಸವೆದಿದೆ, ಕಣ್ಣಿನ ಪೊರೆ ತೆಗೆಸಿಯಾಗಿದೆ. ನೆನಪಿಗೆ ಮಾತ್ರ ಈವರೆಗೆ ಯಾವ ರೋಗವೂ ಬಂದಿಲ್ಲ.

ಜಯನಗರವನ್ನು ಇನ್ನೂ ಕಟ್ಟುತ್ತಿದ್ದ ಕಾಲವದು. ನಾವು ಬಾಡಿಗೆಗಿದ್ದದ್ದು ಒಂದು ವಠಾರದಲ್ಲಿ: ಎದುರುಬದುರು ಎರಡು ಸಾಲು ಮನೆಗಳು, ನಡುವೆ ಉದ್ದನೆಯ ಓಣಿ, ಒಂದು ತುದಿಗೆ ಗೇಟು, ಇನ್ನೊಂದು ತುದಿಗೆ ಎಲ್ಲರಿಗೂ ಸೇರಿದ ಒಂದೇ ನಲ್ಲಿ. ಗೇಟಿನ ಕಡೆಯವರಿಗೆ ಗಾಳಿ, ಬೆಳಕು, ಬೀದಿಯ ನೋಟ. ನಲ್ಲಿ ಕಡೆಯವರಾದ ನಮಗೆ ಬೆಳಗಿನ ಜಾವದಿಂದ ಬಿಂದಿಗೆಗಳ ಸದ್ದು, ಹೊಸ್ತಿಲ ಮುಂದೆ ಸದಾ ಪಾಚಿ. ಆದರೂ ಯಾರ ಮನೆಯ ಸಾರಿಗೆ ಇಂಗಿನ ಒಗ್ಗರಣೆ ಬಿತ್ತೆಂಬುದು ಅಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ, ಯಾರ ಮಗು ಯಾರ ಮನೆಯಲ್ಲಿ ಉಂಡು ಮಲಗಿತೆಂದು ಯಾರೂ ಹುಡುಕುತ್ತಿರಲಿಲ್ಲ. ನೀವೂ ಅಂಥದೊಂದು ಓಣಿಯಲ್ಲಿ ಬೆಳೆದವರಾದರೆ ನಾನು ಹೆಚ್ಚು ವಿವರಿಸಬೇಕಿಲ್ಲ; ಬೆಳೆಯದವರಿಗೆ ಎಷ್ಟು ವಿವರಿಸಿದರೂ ಅಷ್ಟೆ.

ಪಕ್ಕದ ಖಾಲಿ ಸೈಟಿನಲ್ಲಿ ಪ್ರತಿವರ್ಷ ಗಣೇಶನನ್ನು ಕೂರಿಸುತ್ತಿದ್ದೆವು. ವಿಸರ್ಜನೆಯ ಹಿಂದಿನ ದಿನ ಅಲ್ಲೇ ಸುಣ್ಣದ ಗೆರೆ ಎಳೆದು ಲಗೋರಿ: ಗೇಟಿನ ಕಡೆಯವರಿಗೂ ನಲ್ಲಿ ಕಡೆಯವರಿಗೂ, ಮಕ್ಕಳು ದೊಡ್ಡವರೆಂಬ ಭೇದವಿಲ್ಲದೆ. ಮನೆ ಕಟ್ಟುವಲ್ಲಿ ಬಿದ್ದಿರುತ್ತಿದ್ದ ಕಡಪಾ ಕಲ್ಲಿನ ಏಳು ಚೂರುಗಳನ್ನು ಒಂದರ ಮೇಲೊಂದು ಪೇರಿಸಿ, ಒಂದು ಕಡೆಯವರು ಚೆಂಡೆಸೆದು ಉರುಳಿಸಬೇಕು, ಎದುರಿನವರ ಚೆಂಡು ಮೈಗೆ ತಾಗುವ ಮೊದಲು ಮತ್ತೆ ಪೇರಿಸಿ "ಲಗೋರಿ!" ಎಂದು ಕೂಗಬೇಕು. ತೀರ್ಪುಗಾರರು ವಠಾರದ ಮಾಲೀಕರಾದ ಸೀತಾರಾಮಯ್ಯನವರು. ಅವರ ಮನೆ ಗೇಟಿನ ಪಕ್ಕದಲ್ಲೇ ಇತ್ತೆಂಬುದನ್ನು ಓದುಗರು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಬೇಕು.

ಆ ವರ್ಷ ಅವರು ಕೊರಳಲ್ಲಿ ವಿಸಲ್ ತೂಗುಹಾಕಿಕೊಂಡು ಬಂದು, ನನ್ನ ತಲೆ ಸವರಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಈ ಮಗು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಇದಕ್ಕೆ ಯಾರೂ ಚೆಂಡು ಹೊಡೀಬೇಡ್ರಪ್ಪ." ನನಗಾಗಲೇ ಆರು ತುಂಬಿತ್ತು. ಆರು ತುಂಬದಿದ್ದ ಅವರ ಮೊಮ್ಮಗ ಲೆಕ್ಕಕ್ಕಿದ್ದ.

ಮೊದಲ ಚೆಂಡು ಎಸೆದವಳು ಅಮ್ಮ. ಬೇಗೂರಿನ ಕೆರೆ ಏರಿಯ ಮರಗಳಿಂದ ಮಾವಿನಕಾಯಿ ಉದುರಿಸುತ್ತಾ ಬೆಳೆದ ಕೈ ಅದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೀಸಿದಳು. ಏಳೂ ಕಲ್ಲು ಚೆಲ್ಲಾಪಿಲ್ಲಿಯಾದವು. ಆಮೇಲೆ ಕಂಡದ್ದೆಲ್ಲ ಧೂಳು, ಕಿರುಚಾಟ, ಕಾಲಿಗೆ ಸಿಕ್ಕುವ ಪಂಚೆಗಳು. ಅಪ್ಪ ವಾಡಿಕೆಯಂತೆ ಎಲ್ಲರಿಗಿಂತ ಮೊದಲು ಔಟಾಗಿ, ಔಟಾದವರ ಸಾಲಿನಲ್ಲಿ ನಿಂತು ಪಂಚೆಯ ತುದಿಯಿಂದ ಕನ್ನಡಕ ಒರೆಸಿಕೊಳ್ಳತೊಡಗಿದರು. ಒಬ್ಬೊಬ್ಬರಾಗಿ ನಮ್ಮವರೆಲ್ಲ ಆ ಸಾಲು ಸೇರಿದರು. ಕೊನೆಗುಳಿದ ಅಮ್ಮ ತುರುಬು ಬಿಚ್ಚಿಹೋದದ್ದರ ಪರಿವೆಯಿಲ್ಲದೆ ಬಾಯ್ತುಂಬ ನಗುತ್ತಾ, ತಪ್ಪಿಸಿಕೊಳ್ಳುತ್ತಾ, ಕಲ್ಲಿನ ಮೇಲೆ ಕಲ್ಲಿಟ್ಟಳು. ಅಡುಗೆಮನೆಯ ಹೊರಗೆ ಅಮ್ಮ ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು. ಅವಳ ಹೆಗಲಿಗೂ ಚೆಂಡು ಬಿತ್ತು. ಗೇಟಿನ ಕಡೆಯವರು ಗೆದ್ದೆವೆಂದು ಕುಣಿಯತೊಡಗಿದರು. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ನಾನು ಕುಕ್ಕರುಗಾಲಲ್ಲಿ ಕುಳಿತು, ಉಳಿದ ಕಲ್ಲುಗಳನ್ನು ನಿಧಾನವಾಗಿ ಪೇರಿಸಿ, ಕೊನೆಯದನ್ನಿಟ್ಟು, ಗಂಟಲು ಹರಿಯುವಂತೆ "ಲಗೋರಿ!" ಎಂದು ಕೂಗಿದೆ.

"ಇಲ್ಲ ಇಲ್ಲ, ಇದು ಸೇರಲ್ಲ. ಮಗು ಲೆಕ್ಕಕ್ಕಿಲ್ಲ ಅಂತ ಮೊದ್ಲೇ ಹೇಳಿದೀನಲ್ಲ," ಎಂದರು ಸೀತಾರಾಮಯ್ಯನವರು.

ಅಮ್ಮ ಏದುಸಿರು ಬಿಡುತ್ತಲೇ ಮುಂದೆ ಬಂದಳು. "ಮಗು ಲೆಕ್ಕಕ್ಕಿಲ್ಲ, ಒಪ್ಪಿದೆ. ಕಲ್ಲು ಲೆಕ್ಕಕ್ಕಿದೆ ತಾನೆ? ಎಣಿಸಿ ನೋಡಿ, ಏಳಿದೆ."

"ಏನಮ್ಮಾ, ಓನರ್ ಹತ್ರಾನೇ ವಾದಾನಾ?"

"ಮನೆಗೆ ನೀವು ಓನರು. ಲಗೋರಿಗಲ್ಲ."

ಗೇಟಿನ ಕಡೆಯ ಹೆಂಗಸರೂ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಅಪ್ಪ ತಮ್ಮ ಸಾಲಿನಿಂದಲೇ, "ಹೋಗ್ಲಿ ಬಿಡೇ," ಎಂದರು. ಅಮ್ಮ ತಿರುಗಿಯೂ ನೋಡಲಿಲ್ಲ. "ನೀವು ಸುಮ್ನಿರಿ. ನೀವು ಔಟು."

ತೀರ್ಪು ಬದಲಾಗಲಿಲ್ಲ. ಗೇಟಿನ ಕಡೆಯ ಮಕ್ಕಳಿಗೆ ಬಣ್ಣದ ಪೆನ್ಸಿಲುಗಳು, ನನಗೆ ಸಮಾಧಾನಕ್ಕೆಂದು ಒಂದು ಪೆಪ್ಪರ್‌ಮೆಂಟು. ಇಂದಿಗೂ ನಾನು ಪೆಪ್ಪರ್‌ಮೆಂಟು ತಿನ್ನುವುದಿಲ್ಲ. ಅಷ್ಟು ಸಾಲದೆಂಬಂತೆ, ನಾವು ಆ ವಠಾರ ಬಿಡುವವರೆಗೂ ಅವರು ಎದುರಾದಾಗಲೆಲ್ಲ, "ಏನಮ್ಮಾ ಲೆಕ್ಕಕ್ಕಿಲ್ಲ, ಊಟ ಆಯ್ತಾ?" ಎನ್ನುತ್ತಿದ್ದರು. ಅದು ಅಕ್ಕರೆಯೆಂದು ಎಲ್ಲರೂ ಹೇಳುತ್ತಿದ್ದರು. ಇರಬಹುದು; ಹೋದವರ ಬಗ್ಗೆ ಕೆಟ್ಟದ್ದಾಡಬಾರದೆಂದು ನನಗೂ ಗೊತ್ತು. ಅವರು ಹೋದರು, ಅವರ ತೀರ್ಪು ಹೋಗಿಲ್ಲ. ಆದರೆ ಆ ಸಂಜೆ ಊಟಕ್ಕೆ ಕುಳಿತಾಗ ಅಮ್ಮ ಎಂದಿನಂತೆ ಅಪ್ಪನ ತಟ್ಟೆಗಲ್ಲ, ನನ್ನ ತಟ್ಟೆಗೆ ಮೊದಲು ಅನ್ನ ಬಡಿಸಿ, "ಈ ಮನೇಲಿ ಲೆಕ್ಕ ನಿನ್ನಿಂದಾನೇ ಶುರು," ಎಂದಳು. ಅಪ್ಪ ಖಾಲಿ ತಟ್ಟೆಯ ಮುಂದೆ ಕುಳಿತು ನಕ್ಕ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಇಬ್ಬರೂ ಈಗಿಲ್ಲ. ವಠಾರವಿದ್ದಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ. ನಲ್ಲಿಯಿದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ.

ಕಳೆದ ಹಬ್ಬದ ಆ ಭಾನುವಾರ ಸುಣ್ಣದ ವಾಸನೆ ಹಿಡಿದು ಕೆಳಗಿಳಿದಾಗ ಅಲ್ಲಿ ನಡೆಯುತ್ತಿದ್ದದ್ದೂ ಲಗೋರಿಯೇ. ಕಲ್ಲಿನ ಬದಲು ಅಂಗಡಿಯಿಂದ ತಂದ ಬಣ್ಣದ ಮರದ ಬಿಲ್ಲೆಗಳು. ಆಟ ನಡೆಸುತ್ತಿದ್ದ ಶ್ರುತಿ ಎಂಬ ಹುಡುಗಿ ಮೈಕಿನಲ್ಲೇ ಕರೆದಳು: "ಆಂಟಿ, ನೀವೂ ಬನ್ನಿ, ಸುಮ್ನೆ ಫನ್‌ಗೆ! ಮಕ್ಕಳೇ, ಆಂಟಿಗೆ ಯಾರೂ ಬಾಲ್ ಹೊಡೀಬಾರ್ದು, ಓಕೆನಾ?" ಮಾತು ಹೊಸದು, ತೀರ್ಪು ಹಳೆಯದೇ. ನಾನು ಸೆರಗು ಸಿಕ್ಕಿಸಿ ಗೆರೆ ದಾಟಿದೆ. ನಮ್ಮ ಕಡೆಯ ಹುಡುಗ ಬಿಲ್ಲೆಗಳನ್ನು ಉರುಳಿಸಿದ. ನಾನು ಬಗ್ಗಿ ಒಂದೊಂದಾಗಿ ಪೇರಿಸತೊಡಗಿದೆ. ಚೆಂಡು ನನ್ನ ಆಚೆ ಈಚೆ ಹಾರಾಡಿತೇ ಹೊರತು ನನ್ನ ಕಡೆಗೆ ಬರಲಿಲ್ಲ. ಕೊನೆಯ ಬಿಲ್ಲೆ ಕೈಯಲ್ಲಿತ್ತು. ಇಟ್ಟಿದ್ದರೆ ಗೆಲುವು ನಮ್ಮದು. ಎದುರು ತಂಡದಲ್ಲಿ ನನ್ನ ಮೊಮ್ಮಗಳು ಅನನ್ಯ ಚೆಂಡು ಹಿಡಿದು ನಿಂತಿದ್ದಳು.

"ಏನೇ ನೋಡ್ತಾ ಇದೀಯಾ? ಹೊಡಿ."

"ಅಜ್ಜಿ, ನಿಂಗೆ ಹೊಡೀಬಾರ್ದಂತೆ. ನೀನು ಸುಮ್ನೆ ಫನ್‌ಗಂತೆ."

"ಯಾರೇ ಹೇಳಿದ್ದು? ನಾನು ಲೆಕ್ಕಕ್ಕಿದೀನಿ. ಹೊಡಿಯೇ!"

ಅವಳು ಒಂದು ಕ್ಷಣ ಶ್ರುತಿಯ ಮುಖ ನೋಡಿದಳು, ಒಂದು ಕ್ಷಣ ನನ್ನದು. ನಾನು ಕೊನೆಯ ಬಿಲ್ಲೆಯಿಡಲು ತಿರುಗಿ ಬಗ್ಗಿದೆ. ಅವಳು ಕೈ ಬೀಸಿದಳು. ಗುರಿ ಬೇಗೂರಿನದೇ, ಬೆನ್ನಿನ ನಟ್ಟನಡುವೆ ಚುರುಕ್ಕೆಂದಿತು.

"ಅಜ್ಜಿ ಔಟ್!" ಎಂದು ಅಂಗಳವೆಲ್ಲ ಕೂಗಿತು.

ಬಿಲ್ಲೆಯನ್ನು ನೆಲಕ್ಕಿಟ್ಟು, ಹೋಗಿ ಔಟಾದವರ ಸಾಲಿನಲ್ಲಿ ನಿಂತೆ. ಬೆವರಿಗೆ ಮಬ್ಬಾದ ಕನ್ನಡಕವನ್ನು ತೆಗೆದು, ಸೆರಗಿನ ತುದಿಯಿಂದ ನಿಧಾನವಾಗಿ ಒರೆಸಿಕೊಂಡೆ.