ಬಾಯಾರ ಪಾಲು

ಬಾಯಾರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸದಾ ಸುಟ್ಟು ಕಂದಿರುತ್ತಿದ್ದವು. ಮನೆಯಲ್ಲಿ ಚಿಮಟಿಗೆ ಇತ್ತು, ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದ್ದರು. ಆದರೂ ತವೆಯ ಮೇಲಿನ ರೊಟ್ಟಿಯನ್ನು ಬೆರಳಿನಿಂದಲೇ ಮಗುಚುತ್ತಿದ್ದರು. "ಚಿಮಟಿಗಿಗೆ ಏನ್ ತಿಳೀತೈತಿ, ಬೆಂದದ್ದು ಬೆರಳಿಗೆ ತಿಳೀತೈತಿ" ಅನ್ನುತ್ತಿದ್ದರು. ತಿಂಗಳ ಮೊದಲ ರವಿವಾರ ಆ ಬೆರಳುಗಳ ಉಗುರಿನ ಸಂದಿಯಲ್ಲಿ ದಿನದ ಜೋಳದ ಹಿಟ್ಟಿನ ಬದಲು ಗೋಧಿಹಿಟ್ಟು ಕಂಡಿತೆಂದರೆ, ಈ ದಿನ ಚರ್ಚಿನಲ್ಲಿ ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನ ಇದೆ ಎಂದು ಮಕ್ಕಳಾದ ನಮಗೆ ಗೊತ್ತಾಗುತ್ತಿತ್ತು.

ಖಾನಾಪುರದ ನಮ್ಮ ಕ್ರೈಸ್ತ ಸಭೆ ಚಿಕ್ಕದು. ಹೆಚ್ಚಿನವರು ಹೆಂಚಿನ ಕಾರಖಾನೆಯಲ್ಲೋ ಇಟ್ಟಿಗೆ ಭಟ್ಟಿಯಲ್ಲೋ ದುಡಿಯುವವರು. ಪ್ರಾರ್ಥನೆ ಕನ್ನಡದಲ್ಲಿ, ಹಾಡು ಅರ್ಧಕ್ಕರ್ಧ ಮರಾಠಿಯಲ್ಲಿ. ಪಾಸ್ಟರ್ ಇರುವುದು ಬೆಳಗಾವಿಯಲ್ಲಿ. ನಮ್ಮ ಪಾಲಿಗೆ ಅವರು ತಿಂಗಳಿಗೊಮ್ಮೆಯ ಅತಿಥಿ. ಉಳಿದದ್ದೆಲ್ಲ ಬಾಯಾರದು. ನಮ್ಮ ಕಡೆ ಕಲಿಸುವ ಹೆಂಗಸನ್ನು ಬಾಯಾರು ಎನ್ನುತ್ತೇವೆ, ಅವರನ್ನು ಊರಿಗೆ ಊರೇ ಹಾಗೆ ಕರೆಯುತ್ತಿತ್ತು. ಮಕ್ಕಳಿಗೆ ರವಿವಾರದ ಪಾಠ ಹೇಳುವುದು, ಆರಾಧನೆಯಲ್ಲಿ ವಾಕ್ಯ ಬಿಡಿಸಿ ಪ್ರಸಂಗ ಮಾಡುವುದು, ಗಂಡ ಹೆಂಡಿರ ಜಗಳ ಬಿಡಿಸುವುದು, ಮಳೆಗಾಲದಲ್ಲೂ ಬಸ್ಸು ಹಿಡಿದು ಕಣಕುಂಬಿಯ ಎರಡು ಕುಟುಂಬಗಳಿಗಾಗಿ ಹೋಗಿಬರುವುದು, ಎಲ್ಲವೂ ಅವರೇ.

ಒಂದು ಕೆಲಸ ಮಾತ್ರ ಅವರದಲ್ಲ. ರೊಟ್ಟಿ ಮತ್ತು ದ್ರಾಕ್ಷಾರಸದ ಪಾತ್ರೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಜನರಿಗೆ ಹಂಚುವುದು. ಅದಕ್ಕೆ ಪಾಸ್ಟರ್ ದೀಕ್ಷೆ ಆಗಿರಬೇಕು, ನಮ್ಮ ಸಭೆಯಲ್ಲಿ ದೀಕ್ಷೆ ಗಂಡಸರಿಗೆ ಮಾತ್ರ. ಬೇರೆ ಸಭೆಗಳಲ್ಲಿ ಹೆಂಗಸರು ದೀಕ್ಷೆ ಪಡೆದು ಎಷ್ಟೋ ವರ್ಷಗಳಾದವು. ಆ ಸುದ್ದಿ ನಮ್ಮ ಹಿರಿಯರ ಕಿವಿಗೆ ಬಿದ್ದಿರಲಿಲ್ಲ ಎಂದಲ್ಲ, ಬಿದ್ದದ್ದನ್ನು ಜಾಡಿಸಿಕೊಳ್ಳುವುದು ಅವರಿಗೆ ರೂಢಿಯಾಗಿತ್ತು.

ಹೀಗಾಗಿ ಬಾಯಾರು ಹುಳಿಯಿಲ್ಲದ ರೊಟ್ಟಿ ಬೇಯಿಸುವರು, ಒಣದ್ರಾಕ್ಷಿ ನೆನೆಸಿ ಕುದಿಸಿ ರಸ ಸೋಸುವರು, ಮೇಜಿಗೆ ಬಿಳಿ ಬಟ್ಟೆ ಹಾಸಿ ಎಲ್ಲ ಅಣಿಮಾಡಿ ಕಾಯುವರು. ಪಾಸ್ಟರ್ ಬಂದರೆ ಸರಿ. ಬೆಳಗಾವಿಯಲ್ಲಿ ಮದುವೆಯೋ ಮೀಟಿಂಗೋ ಇದ್ದು ಬಾರದಿದ್ದರೆ, ಆರಾಧನೆ ಮುಗಿಸಿ ಬಾಯಾರು ಬಟ್ಟೆ ಮಡಚಿ, ಅದೇ ರೊಟ್ಟಿ ಮುರಿದು ಅಂಗಳದಲ್ಲಿ ಮಕ್ಕಳಿಗೆ ಕೊಡುತ್ತಿದ್ದರು. "ತಿನ್ರಿ, ಇದು ಬರೇ ರೊಟ್ಟಿ." ನಾವು ಬೆಲ್ಲ ಕೇಳುತ್ತಿದ್ದೆವು. ಅವರು ಕೊಡುತ್ತಿದ್ದರು. ಆ 'ಬರೇ' ಎಂಬ ಮಾತನ್ನು ಹೇಳುವಾಗ ಅವರ ಮುಖ ಹೇಗಿರುತ್ತಿತ್ತೆಂದು ನೋಡುವ ವಯಸ್ಸಲ್ಲ ಅದು.

ನಾನು ದೊಡ್ಡವಳಾಗಿ ಅದೇ ಊರಿನ ಸಾಲೆಯಲ್ಲಿ ಟೀಚರ್ ಆದ ಮೇಲೆ, ಖಾನಾಪುರದವರೆಲ್ಲ ಸೇರಿ ಬಾಯಾರಿಗೆ ದೀಕ್ಷೆ ಕೊಡಿ ಎಂದು ಬೆಳಗಾವಿಯ ಕಮಿಟಿಗೆ ಅರ್ಜಿ ಹಾಕಿದೆವು. ಪಾಸ್ಟರುಗಳನ್ನು ತಯಾರುಮಾಡುವ ವೇದಪಾಠಶಾಲೆಯಲ್ಲೇ ಬೈಬಲ್ ಓದಿದವರು ಅವರು, ಯಾವ ಪಾಸ್ಟರ್‌ಗೂ ಕಡಿಮೆಯಿರಲಿಲ್ಲ. ಕಮಿಟಿಯ ಅಧ್ಯಕ್ಷರು ಹಿಂದವಾಡಿಯಲ್ಲಿ ದೊಡ್ಡ ಮನೆಯಿದ್ದ ನಿವೃತ್ತ ಅಧಿಕಾರಿ. ಬಾಯಾರನ್ನೂ ನಮ್ಮನ್ನೂ ಕರೆಸಿ ಶಾಸ್ತ್ರ, ಪರಂಪರೆ, ಜನ ಏನೆಂದಾರು, ಎಲ್ಲ ಹೇಳಿದರು. ಕಮಿಟಿಯಲ್ಲಿದ್ದ ಒಬ್ಬಳೇ ಹೆಂಗಸು, ಮಹಿಳಾ ಸಂಘದವಳು, ನಮ್ಮ ಪರ ಮಾತಾಡಿಯಾಳೆಂದು ನಾನು ಆಸೆಯಿಂದ ನೋಡುತ್ತಿದ್ದೆ.

"ಹೆಣ್ಣಮಕ್ಕಳಿಗೆ ತಿಂಗಳಾ ತಿಂಗಳಾ ಇರತೈತಲ್ರಿ. ಅಂಥಾದ್ರಾಗ ಪೀಠಾ ಏರೂದು ಹೆಂಗ?" ಎಂದಳು ಆಕೆ.

ಮಡಿ ಮೈಲಿಗೆಯನ್ನು ಅಜ್ಜಂದಿರ ಕಾಲದಲ್ಲೇ ಬಿಟ್ಟುಬಂದೆವೆಂದು ಹೆಮ್ಮೆಪಡುವ ಜನ ನಾವು. ಬೇಕಾದಾಗ ಹೊರಗೆ ತೆಗೆಯಲು ಅದನ್ನು ಟ್ರಂಕಿನಲ್ಲಿ ಮಡಚಿ ಇಟ್ಟುಕೊಂಡೇ ಬಂದಿದ್ದೆವು.

"ನನಗ ಅರವತ್ತಾತು ತಂಗಿ, ಆ ಚಿಂತಿ ಬ್ಯಾಡ" ಎಂದರು ಬಾಯಾರು. "ಇನ್ನ ಪೀಠದ ಮಾತಂದ್ರ, ಅದರ ಮ್ಯಾಲಿನ ಕಸಾ ಹರೇದಾಗಿಂದ ನಾನಽ ಹೊಡದೀನಿ. ಆವಾಗ ಯಾರೂ ಕೇಳಲಿಲ್ಲ."

ಯಾರೋ ನಕ್ಕರು. ಅರ್ಜಿ 'ವಿಚಾರದಲ್ಲಿದೆ' ಎಂದಾಯಿತು. ವರ್ಷಗಟ್ಟಲೆ ವಿಚಾರದಲ್ಲೇ ಉಳಿಯಿತು.

ಅಷ್ಟರಲ್ಲಿ ನನ್ನ ಅವ್ವನಿಗೆ ಹೊಟ್ಟೆಯ ಕ್ಯಾನ್ಸರ್ ಆಗಿ, ಬೆಳಗಾವಿಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಒಂದು ಮಧ್ಯಾಹ್ನ ಅವ್ವ ಕಣ್ಣು ತೆರೆದು ಕರ್ತನ ಭೋಜನ ಬೇಕು ಎಂದಳು. ಬಾಯಾರು ಅಲ್ಲೇ ಇದ್ದರು, ಪಾಸ್ಟರ್‌ಗೆ ಫೋನ್ ಹಚ್ಚಿದರು. ಆಗ ಹೊಸದಾಗಿ ಬಂದಿದ್ದ ಈ ಪಾಸ್ಟರ್ ಬೆಳಗಾವಿ ಪಕ್ಕದ ಮಚ್ಛೆಯ ಕಾರಖಾನೆಯಲ್ಲಿ ದುಡಿಯುವವರ ಮಗ, ಖಾನಾಪುರದ ಅಜ್ಜಿಯ ಮನೆಯಲ್ಲಿ ಬೆಳೆದವರು. ಬಾಯಾರ ಪಾಠಕ್ಕೆ ನನ್ನ ಪಕ್ಕದಲ್ಲೇ ಕೂತು ಆ ಬೆಲ್ಲ ರೊಟ್ಟಿ ತಿಂದವರು. ಅವತ್ತು ಅಧ್ಯಕ್ಷರ ಮಗನ ಹೊಸ ಮನೆಯ ಪ್ರಾರ್ಥನೆ, ಊಟ. "ನಾಳೆ ಮುಂಜಾನೆ ಬಂದ್ಬಿಡ್ತೀನ್ರಿ ಬಾಯಾರ" ಎಂದರಂತೆ.

ಅವ್ವನ ಉಸಿರು ನಾಳೆ ಮುಂಜಾನೆಯ ತನಕ ಹೋಗುವಂತಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು.

"ಬಾಯಾರ, ನೀವಽ ಕೊಡ್ರಿ" ಎಂದಳು.

ಬಾಯಾರು ಎದ್ದು ನಮ್ಮ ಅಡಿಗೆಮನೆಗೆ ಹೋಗಿ ಹಿಟ್ಟು ನಾದಿದರು. ಮನೆಯಲ್ಲಿದ್ದ ಒಣದ್ರಾಕ್ಷಿಯನ್ನು ಬಿಸಿನೀರಿನಲ್ಲಿ ಹಿಚುಕಿದರು. ಅವ್ವನ ಮಂಚದ ಹತ್ತಿರ ಸ್ಟೂಲಿನ ಮೇಲೆ ನನ್ನ ಬಿಳಿ ಓಢಣಿ ಹಾಸಿ, ಅದರ ಮೇಲೆ ಇಟ್ಟು, ಆ ಸುಟ್ಟ ಬೆರಳುಗಳ ಕೈ ಮೇಲಿರಿಸಿ, ಪಾಸ್ಟರ್ ಹೇಳುವ ಮಾತುಗಳನ್ನೆಲ್ಲ ಹೇಳಿದರು. ಒಂದು ಚೂರನ್ನು ರಸದಲ್ಲಿ ಅದ್ದಿ ಮೆತ್ತಗೆ ಮಾಡಿ ಅವ್ವನ ನಾಲಿಗೆಗೆ ಇಟ್ಟರು. ನನ್ನ ಕಡೆ ತಿರುಗಿ, "ನೀನೂ ತೊಗೊ. ಇದು ಒಬ್ಬಾಕಿ ತಿನ್ನೂದಲ್ಲ" ಎಂದರು. ಎರಡು ದಿನದಿಂದ ನೀರೂ ಇಳಿಯದಿದ್ದ ಅವ್ವನ ಗಂಟಲಲ್ಲಿ ಆ ತುತ್ತು ಇಳಿಯಿತು. ಅವ್ವ ಸಂಜೆ ಹೋದಳು, ಮುಖದ ಮೇಲೆ ಭಯವಿರಲಿಲ್ಲ.

ಮರುದಿನ ಪಾಸ್ಟರ್ ಅವ್ವನ ಮಣ್ಣಿಗೆ ಬಂದರು. ಬಾಯಾರು ಬಾಗಿಲಲ್ಲೇ ನಿಲ್ಲಿಸಿ ಆದದ್ದನ್ನೆಲ್ಲ ತಾವಾಗಿಯೇ ಹೇಳಿದರು. ಯಾಕೆ ಹೇಳಿದಿರಿ, ನಾವಿಬ್ಬರೇ ಇದ್ದೆವಲ್ಲ ಎಂದು ಆಮೇಲೆ ನಾನು ಸಿಟ್ಟು ಮಾಡಿದೆ. "ಹೇಳದಽ ಇದ್ರ ಕದ್ದು ಕೊಟ್ಟಂಗ ಆಗತೈತಿ ಮಗಳ. ನಾ ಕದ್ದಿಲ್ಲ" ಎಂದರು.

ಕಮಿಟಿ ಬಾಯಾರನ್ನು ಕರೆಸಿತು, ನಾನೂ ಜೊತೆಗೆ ಹೋದೆ. ಅಧ್ಯಕ್ಷರು ಅವತ್ತು ಭಾರಿ ಮೃದುವಾಗಿದ್ದರು. "ನೋಡ್ರಿ ಬಾಯಾರ, ತಪ್ಪಾತು ಅಂತ ಎರಡು ಸಾಲು ಬರದಕೊಡ್ರಿ. ಇಲ್ಲಿಗೆ ಮುಗಸೂಣು. ನಿಮ್ಮ ದೀಕ್ಷಾದ ವಿಷಯಾನೂ ಬರೂ ವರ್ಷ ಏನರ ಮಾಡೂಣು."

ಬಾಯಾರು ಜೀವಮಾನವೆಲ್ಲ ಕಾದದ್ದು ಆ ಮಾತಿಗೆ. ಎರಡು ಸಾಲು ಬರೆದುಬಿಡಲಿ ಎಂದು, ನಿಜ ಹೇಳಬೇಕೆಂದರೆ, ನನಗೂ ಅನ್ನಿಸಿತು.

"ತಪ್ಪಾತು ಅಂದ್ರ, ಆಕಿಗೆ ಕೊಟ್ಟದ್ದು ಬರೇ ರೊಟ್ಟಿ ಅಂದಂಗ ಆತಲ್ರಿ" ಎಂದರು ಬಾಯಾರು. "ಅದನ್ನ ನಂಬಿ ಹ್ವಾದಾಕಿ ಆಕಿ. ಈಗ ಸುಳ್ಳಂತ ಹೆಂಗ ಹೇಳ್ಲಿ?"

ನಾನು ಎದ್ದು, "ನಾನೂ ತಿಂದೀನ್ರಿ. ನನಗೂ ಶಿಕ್ಷಾ ಕೊಡ್ರಿ" ಎಂದೆ. ನೀನು ದುಃಖದಲ್ಲಿದ್ದಿ, ಕೂಡು ಎಂದರು ಅಧ್ಯಕ್ಷರು.

ತಪ್ಪೊಪ್ಪಿಗೆ ಬರುವವರೆಗೆ ಬಾಯಾರು ಪ್ರಸಂಗ ಮಾಡಕೂಡದು, ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಳ್ಳಕೂಡದು ಎಂದು ತೀರ್ಮಾನವಾಯಿತು. ಪಾಲು ಇಲ್ಲ, ಆದರೆ ಬೇಯಿಸುವುದು ಬೇಡ ಎಂದು ಯಾರೂ ಹೇಳಲಿಲ್ಲ. ಮೊದಲ ರವಿವಾರ ಬೆಳಿಗ್ಗೆ ಬಾಯಾರ ಮನೆಯಿಂದಲೇ ರೊಟ್ಟಿ ಬಂತು, ಎಂದಿನ ಬಿಳಿ ವಸ್ತ್ರದಲ್ಲಿ ಸುತ್ತಿ. ಅವರು ಕೊನೆಯ ಬೆಂಚಿನಲ್ಲಿ ಕೂತರು. ತಾವೇ ಬೇಯಿಸಿದ ರೊಟ್ಟಿಯ ತಟ್ಟೆ ಪ್ರತಿ ತಿಂಗಳೂ ಅವರ ಮುಂದೆ ನಿಲ್ಲದೆ ದಾಟಿಹೋಗುತ್ತಿತ್ತು. ಬೇಯಿಸಬೇಡಿರಿ, ಅವರೇ ತಂದುಕೊಳ್ಳಲಿ ಎಂದು ನಾನು ಜಗಳಾಡಿದೆ. "ಜನರದೇನು ತಪ್ಪೈತಿ, ಅವರಿಗೆ ಬೇಕಲ್ಲ" ಎಂದು ಹಿಟ್ಟು ನಾದುತ್ತಲೇ ಇದ್ದರು. ಇದನ್ನು ನೋಡಿಯೂ ಏನೂ ಅನ್ನಿಸದೆ ತಿಂದು ಬಾಯಿ ಒರೆಸಿಕೊಂಡ ನಮ್ಮ ಜನರನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮೂರು ವರ್ಷ ಹೀಗೇ ನಡೆದು, ಬಾಯಾರ ಹೃದಯ ಸೋತಿತು. ಬೆಳಗಾವಿಯ ಆಸ್ಪತ್ರೆಗೆ ಪಾಸ್ಟರ್ ಕರ್ತನ ಭೋಜನದ ರೊಟ್ಟಿ, ಪಾತ್ರೆಯಿದ್ದ ಚಿಕ್ಕ ಪೆಟ್ಟಿಗೆ ಹಿಡಿದುಕೊಂಡು ಬಂದರು. ಕಣ್ಣು ಒದ್ದೆಯಾಗಿದ್ದವು, ಅದನ್ನು ಇಲ್ಲವೆನ್ನಲಾರೆ.

"ಬಾಯಾರ, ಬರಿಯೂದೂ ಬ್ಯಾಡ. ತಪ್ಪಾತು ಅಂತ ಒಂದ್ ಮಾತ ಅನ್ರಿ, ನನ್ನ ಕಿವಿಯಾಗ ಅನ್ರಿ ಸಾಕು. ಕೊಟ್ಟು ಹೋಗ್ತೀನಿ."

ಬಾಯಾರು ಅವರ ಕೈ ಹಿಡಿದುಕೊಂಡರು. "ನಿನ್ನ ಕೈಯಾಗಿಂದು ತಿನ್ನಬೇಕಂತ ಭಾಳ ಆಸಿ ಐತೋ ಮಗನ" ಎಂದರು. ನನ್ನ ಕಡೆ ನೋಡಿದರು. "ಆದ್ರ ಇಕಿ ಅವ್ವಂದು ಏನ್ ಮಾಡ್ಲಿ?"

ಪಾಸ್ಟರ್ ಪೆಟ್ಟಿಗೆಯನ್ನು ತೆರೆಯದೆ ಎತ್ತಿಕೊಂಡು ಹೋದರು. ಎರಡು ದಿನಕ್ಕೆ ಬಾಯಾರು ತೀರಿಕೊಂಡರು. ಮಣ್ಣಿನ ದಿನ ಅಧ್ಯಕ್ಷರು ಅವರನ್ನು ನಮ್ಮ ಸಭೆಯ ತಾಯಿ ಎಂದು ಕರೆದು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಾಯಿಯನ್ನು ಊಟದ ಪಂಕ್ತಿಯಿಂದ ಎಬ್ಬಿಸಿದವರು ಇವರೇ ಎಂದು ಕೂಗಿ ಹೇಳಬೇಕೆನ್ನಿಸಿತು. ಹೆಣದ ಮುಂದೆ ಬೇಡವೆಂದು ಹಲ್ಲು ಕಚ್ಚಿ ನಿಂತೆ.

ಈಗ ರೊಟ್ಟಿ ನಾನು ಮಾಡುತ್ತೇನೆ. ಬೆರಳಿನಿಂದಲೇ ಮಗುಚುತ್ತೇನೆ, ಸುಡುತ್ತದೆ. ತಟ್ಟೆ ನನ್ನ ಬೆಂಚಿಗೆ ಬಂದಾಗ ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸುತ್ತೇನೆ. ಮೊನ್ನೆ ಪಾಸ್ಟರ್ ಸ್ವತಃ ತಟ್ಟೆ ಹಿಡಿದು ನನ್ನ ಮುಂದೆ ನಿಂತು, "ಯಾಕ್ರಿ ಟೀಚರ್, ನಿಮಗೇನೂ ಅಡ್ಡಿಯಿಲ್ಲಲ್ಲ" ಎಂದು ಮೆಲ್ಲಗೆ ಕೇಳಿದರು.

"ಬಾಯಾರ ಪಾಲು ಇನ್ನೂ ಕೊಟ್ಟಿಲ್ಲಲ್ರಿ" ಎಂದೆ. "ಅವರದಾಗಲಿ, ಆಮ್ಯಾಲ ನಂದು."

ಅವರು ತಟ್ಟೆ ಹಿಡಿದುಕೊಂಡು ಮುಂದಿನ ಸಾಲಿಗೆ ಹೋದರು.