ಬಸ್ಸಿನಲ್ಲಿ ಬಂದ ಹೆಪ್ಪು

ಕೆಜಿಎಫ್‌ನಲ್ಲಿ ಮೋರಿ ನೀರು ಶುದ್ಧ ಮಾಡೋ ಘಟಕದಲ್ಲಿ ನಾನು ಕಸ ಗುಡಿಸ್ತೀನಿ. ಅಲ್ಲಿ ಹೊಸ ತೊಟ್ಟಿಗೆ ಪ್ಲಾಸ್ಟಿಕ್ ಬಿಲ್ಲೆ ತುಂಬಿದ್ದರು. ಬಿಲ್ಲೆ ಮೇಲೆ ಲೋಳೆ ಬೆಳೆದರೇನೇ ಕೆಲಸ. ನೀರಲ್ಲಿರೋ ಉಚ್ಚೆಯ ಘಾಟನ್ನು, ಇಂಜಿನಿಯರಮ್ಮ ಅದಕ್ಕೆ ಅಮೋನಿಯಾ ಅಂತಾಳೆ, ತಿಂದು ಮುಗಿಸೋದು ಆ ಲೋಳೆಯೇ. ಎಷ್ಟು ಕಾದರೂ ಬೆಳೀಲಿಲ್ಲ.

"ಅಜ್ಜಿ, ಬಂಗಾರಪೇಟೆ ಘಟಕದಿಂದ ಲೋಳೆ ಹಿಡಿದ ಬಿಲ್ಲೆ ತಂದುಕೊಡಿ, ಹೆಪ್ಪು ಹಾಕೋಣ. ಒಣಗಿದರೆ ಸತ್ತೋಗುತ್ತೆ, ಜೋಪಾನ," ಅಂದಳು ಇಂಜಿನಿಯರಮ್ಮ.

ಬಂಗಾರಪೇಟೆಗೆ ಹೋಗಿ ಬಕೆಟ್‌ಗೆ ಬಿಲ್ಲೆ ತುಂಬಿಸ್ಕೊಂಡು, ಒದ್ದೆ ಗೋಣಿ ಮುಚ್ಚಿ ವಾಪಸ್ ಬಸ್ಸು ಹತ್ತಿದೆ. ಊರು ದಾಟೋದರೊಳಗೆ ವಾಸನೆ ಎದ್ದಿತು. ಕಂಡಕ್ಟರ್ ಮೂಗು ಮುಚ್ಚಿಕೊಂಡು ಬಂದ.

"ಏನಜ್ಜಿ ಅದು?"

"ಎಪ್ಪು ಕಣಪ್ಪ."

"ಮೊಸರಿನ ಎಪ್ಪು ಇಂಗೆ ನಾರ್ತದಾ?"

"ಮೊಸರಿಗಲ್ಲ, ಮೋರಿಗೆ."

ಬಸ್ಸೆಲ್ಲ ನಕ್ಕಿತು. ಅವನಿಗೆ ರೇಗಿತು. ವಿಸಿಲ್ ಊದಿ ಬಸ್ಸು ನಿಲ್ಲಿಸಿದ.

"ಯಾರಾದ್ರೂ ವಾಂತಿ ಮಾಡ್ಕೊಂಡ್ರೆ ನಾನು ತೊಳೀಬೇಕು. ಇಳಿಯಜ್ಜಿ!"

ಹೊರಗೆ ಸುಡುಬಿಸಿಲು, ಒಂದು ಮರವೂ ಇಲ್ಲ. ಅಲ್ಲಿ ಇಳಿದರೆ ಲೋಳೆಯ ಕತೆ ಮುಗೀತು.

"ಇಳೀತೀನಪ್ಪ. ನಂಗೆ ಸೊಂಟ ಇಡ್ಕೊಂಡದೆ, ಬಕೆಟ್ ನೀನೇ ಇಳಿಸ್ಕೊಡು," ಅಂತ ಗೋಣಿ ಸರಿಸಿದೆ.

ಕೈ ಚಾಚಿದವನು ಆ ಕಂದು ಲೋಳೆ ಕಂಡದ್ದೇ ಕೈ ಹಿಂದಕ್ಕೆ ಎಳೆದುಕೊಂಡ. ಬೇರೆಯವರನ್ನು ಕರೆದ. ಎಲ್ಲರಿಗೂ ತಟ್ಟನೆ ಕಿಟಕಿಯಾಚೆ ನೋಡೋ ಆಸೆ ಬಂತು.

"ರೈಟ್, ರೈಟ್," ಅಂದ, ಬೇರೆ ದಾರಿ ಕಾಣದೆ.

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ಬಂತು. ಬಕೆಟ್ ಎತ್ತಿ ತಲೆ ಮೇಲಿಟ್ಟುಕೊಂಡು ಸರಸರ ಇಳಿದೆ.

"ಅಜ್ಜೀ, ಸೊಂಟ?"

"ನಿನ್ ಬಸ್ಸಲ್ಲಿ ಕೂತು ಬಂದ್ನಲ್ಲಪ್ಪ, ವಾಸಿಯಾಯ್ತು!"