ಪಕ್ಕದ ಬಾಗಿಲಿನ ಬೇವು

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದಕ್ಕೆ ಹಾಕುತ್ತ ಬಂದೆ. ಅಪ್ಪ ಇರುವವರೆಗೆ ಬೇಡ ಎಂದುಕೊಂಡೆ. ಆಮೇಲೆ ತಂಗಿಯ ಮದುವೆ ಮುಗಿಯಲಿ ಎಂದುಕೊಂಡೆ. ಅವೆಲ್ಲ ಮುಗಿದು ಎಷ್ಟೋ ಕಾಲವಾಯಿತು. ಈಗ ಮುಂದಕ್ಕೆ ಹಾಕಲು ನೆಪವೂ ಉಳಿದಿಲ್ಲ.

ಆಗೆಲ್ಲ ನಮ್ಮ ಕಡೆ ಸಿಡುಬಿಗೆ ಯಾರೂ ಸಿಡುಬು ಎನ್ನುತ್ತಿರಲಿಲ್ಲ. ‘ಅಮ್ಮ ಬಂದವ್ಳೆ’ ಎನ್ನುತ್ತಿದ್ದರು. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಕಪಿಲೆಯ ದಡದಲ್ಲಿ ನಮ್ಮೂರು. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಆ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಏನನ್ನೂ ಹುರಿಯುವಂತಿಲ್ಲ. ಕಾದ ಎಣ್ಣೆಯ ಘಾಟಿಗೆ ಅವಳು ಮುನಿಯುತ್ತಾಳೆ ಎಂಬ ನಂಬಿಕೆ. ಅಕ್ಕಪಕ್ಕದವರೂ ಹಾಗೇ ನಡೆದುಕೊಳ್ಳುತ್ತಿದ್ದರು. ಒಂದು ಮನೆಗೆ ಬಂದರೆ ಇಡೀ ಸಾಲಿಗೆ ಮೊಸರನ್ನ, ರಾಗಿ ಅಂಬಲಿ. ಮಕ್ಕಳಾದ ನಮಗೆ ಕಾಯಿಲೆಗಿಂತ ಆ ಸಪ್ಪೆ ಊಟದ ಮೇಲೆಯೇ ಸಿಟ್ಟು.

ಈ ಕಾಯಿಲೆಯನ್ನು ಬೇರುಸಹಿತ ಕೀಳಬೇಕೆಂದು ಸರ್ಕಾರ ಹೊರಟಿದ್ದ ಕಾಲ ಅದು. ಜೀಪಿನಲ್ಲಿ ಇನ್ಸ್‌ಪೆಕ್ಟರು, ಅವರ ಜೊತೆ ಮೈಲಿ ಹಾಕುವವರು, ಅಂದರೆ ತೋಳಿಗೆ ಸಿಡುಬಿನ ಲಸಿಕೆ ಚುಚ್ಚುವವರು, ಊರೂರು ಸುತ್ತುತ್ತಿದ್ದರು. ಒಂದು ಮನೆಯಲ್ಲಿ ಕಾಯಿಲೆ ಸಿಕ್ಕಿದರೆ ಆ ಬಾಗಿಲಿಗೆ ಕಾವಲು. ಒಳಗಿದ್ದವರು ಹೊರಗೆ ಬರುವಂತಿಲ್ಲ. ಸುತ್ತಲಿನವರಿಗೆಲ್ಲ ಮೈಲಿ. ಆ ಊರಿನವರನ್ನು ಸಂತೆಯಲ್ಲಿ ಕೂರಲು ಬಿಡುತ್ತಿರಲಿಲ್ಲ. ಕಾಯಿಲೆ ಹೋದದ್ದು ಹಾಗೆ ಮಾಡಿದ್ದರಿಂದಲೇ ಎಂದು ಈಗ ಗೊತ್ತು. ಆಗ ನಮಗೆ ಗೊತ್ತಿದ್ದದ್ದು ಜೀಪು ಬಂದರೆ ಕೂಲಿ ಹೋಯಿತು ಎಂಬುದಷ್ಟೆ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಬೇಸಿಗೆಯ ಶುರು, ಆಲೆಮನೆಯ ಕಾಲ. ಊರಿಗೆ ಇದ್ದದ್ದು ಒಂದೇ ಆಲೆಮನೆ. ಸರದಿಯ ಮೇಲೆ ಕಬ್ಬು ಅರೆಯಬೇಕು. ಆ ವಾರ ಸರದಿ ನಮ್ಮದು. ಸ್ಕೂಲು ಬಿಟ್ಟ ಕೂಡಲೇ ಅಲ್ಲಿಗೆ ಓಡುತ್ತಿದ್ದೆವು. ಒಣಗಲು ಹಾಕಿದ ಕಬ್ಬಿನ ಸಿಪ್ಪೆಯ ಗುಡ್ಡೆಯ ಮೇಲಿಂದ ಜಾರುವುದು, ಕೊಪ್ಪರಿಗೆಯ ಪಾಕವನ್ನು ಕಬ್ಬಿನ ತುಂಡಿನಲ್ಲಿ ಅದ್ದಿಕೊಂಡು ಊದಿ ಊದಿ ನೆಕ್ಕುವುದು. ಅಂಗಿಗೆ ಹೊಗೆಯ ವಾಸನೆ, ಕೈಗೆ ಬೆಲ್ಲದ ಅಂಟು. ರಾತ್ರಿ ಮಲಗಿದಾಗ ಇರುವೆ ಹತ್ತುತ್ತಿದ್ದವು.

ಆ ವಾರದಲ್ಲೇ ಮೂರು ವರ್ಷದ ನನ್ನ ತಂಗಿಗೆ ಜ್ವರ ಬಂತು. ಆಮೇಲೆ ಮುಖದ ಮೇಲೆ ಗುಳ್ಳೆ ಎದ್ದವು. ಅವ್ವ ಬಾಗಿಲಿಗೆ ಬೇವು ಕಟ್ಟಿದಳು. ಆಲೆಮನೆಯಿಂದ ಬಂದ ಅಪ್ಪ ಅದನ್ನು ಕಿತ್ತು ಕೆಳಗೆ ಹಾಕಿದ.

‘ಬಾಗ್ಲಲ್ಲಿ ಸೊಪ್ಪು ಕಂಡ್ರೆ ನಾಳೀಕೆ ಒಬ್ಬ ಆಳೂ ಬರಕಿಲ್ಲ. ಕಡ್ದಿರೋ ಕಬ್ಬು ಅಲ್ಲೇ ಒಣಗೋಯ್ತದೆ’ ಎಂದ.

‘ಬೆಲ್ಲ ದೊಡ್ಡದಾ, ಮಗಿ ದೊಡ್ಡದಾ?’

‘ಮಗೀನೂ ಬೆಲ್ಲದ ಮೇಲೇ ಬದುಕ್ಬೇಕು ಕಣೆ.’

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಗಂಡ ಸತ್ತವಳು, ಮರಳಿನಲ್ಲಿ ಪುರಿ, ಕಡಲೆ ಹುರಿದು ನರಸೀಪುರದ ಸಂತೆಯಲ್ಲಿ ಮಾರುತ್ತಿದ್ದಳು. ನಾವೆಲ್ಲ ಅವಳನ್ನು ಪುರಿ ಅಜ್ಜಿ ಎನ್ನುತ್ತಿದ್ದೆವು. ಬೀದಿಯಲ್ಲಿ ಬಿದ್ದಿದ್ದ ಬೇವನ್ನು ಅವಳು ಎತ್ತಿಕೊಂಡು, ಮಣ್ಣು ಕೊಡವಿ, ತನ್ನ ಬಾಗಿಲಿಗೆ ಕಟ್ಟಿಕೊಂಡಳು.

‘ನಿಮ್ ಬಾಗ್ಲಲ್ಲಿ ಬ್ಯಾಡ ಅಂದ್ರೆ ಬ್ಯಾಡ. ನನ್ ಬಾಗ್ಲಲ್ಲಿರ್ಲಿ. ಆ ತಾಯಿ ಈ ಬೀದೀಲಿ ಒಂದ್ ತಾವಾದ್ರೂ ತಂಪು ಕಾಣ್ಲಿ’ ಎಂದಳು.

ಅಷ್ಟೇ ಅಲ್ಲ, ಅವತ್ತಿನಿಂದ ಅವಳು ಪುರಿಯ ಒಲೆಗೆ ಬೆಂಕಿ ಹಾಕಲಿಲ್ಲ. ಹಗಲೆಲ್ಲ ನಮ್ಮ ಒಳಕೋಣೆಯಲ್ಲಿ ತಂಗಿಯ ಪಕ್ಕ ಕೂತು ಬೇವಿನ ಎಸಳಿನಲ್ಲಿ ಗಾಳಿ ಹಾಕುತ್ತಿದ್ದಳು. ಸಂತೆಯ ದಿನ ಬಂದು ಹೋಯಿತು.

ಒಂದು ಬೆಳಿಗ್ಗೆ ಊರ ಬಾಗಿಲಲ್ಲಿ ಜೀಪು ನಿಂತಿದೆ ಎಂದು ಸುದ್ದಿ ಬಂತು. ಒಗ್ಗರಣೆಯ ವಾಸನೆ ಇಲ್ಲದ ಮನೆಯನ್ನು ಇನ್ಸ್‌ಪೆಕ್ಟರು ಮೊದಲು ಹೊಗುತ್ತಾರೆ ಎಂದು ಅಪ್ಪನಿಗೆ ಯಾರೋ ಹೇಳಿದ್ದರು. ಒಗ್ಗರಣೆ ಹಾಕು ಎಂದ. ಅವ್ವ ಕೈಕಟ್ಟಿ ಕೂತಳು. ಹುಟ್ಟಿದಾಗಿನಿಂದ ಸೌಟು ಹಿಡಿಯದ ಅಪ್ಪ ತಾನೇ ಒಲೆಯ ಮುಂದೆ ಕೂತು, ಎಣ್ಣೆಗೆ ಬೆಳ್ಳುಳ್ಳಿ, ಸಾಸಿವೆ, ಒಂದು ಹಿಡಿ ಒಣಮೆಣಸಿನಕಾಯಿ ಎಲ್ಲವನ್ನೂ ಒಟ್ಟಿಗೆ ಸುರಿದ. ಮೆಣಸಿನಕಾಯಿ ಸೀದು ಇಡೀ ಬೀದಿ ಕೆಮ್ಮತೊಡಗಿತು.

‘ಏನಣ್ಣ, ಸಾರಿಗೆ ಒಗ್ಗರಣೇನೋ, ಸೊಳ್ಳೆಗೆ ಹೊಗೇನೋ?’ ಎಂದು ಎದುರು ಮನೆಯವನು ಕೂಗಿದ.

ಇನ್ಸ್‌ಪೆಕ್ಟರು ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಬಂದರು. ‘ಏನ್ ಯಜಮಾನ್ರೇ, ಇವತ್ತು ಅಡುಗೆ ನಿಮ್ದಾ?’

‘ಊಂ ಸಾ. ಮನೆಯವ್ಳು ಹೊರಗಾಗವ್ಳೆ.’

ಅವರು ನಕ್ಕು ಪಕ್ಕದ ಅಜ್ಜಿಯ ಮನೆಯ ಕಡೆ ತಿರುಗಿದರು. ಬಾಗಿಲಲ್ಲಿ ಬೇವು, ಒಲೆ ತಣ್ಣಗಿತ್ತು. ಯಾರಿಗೆ ಬಂದಿದೆ ಎಂದು ಕೇಳಿದರು. ಅಜ್ಜಿ, ‘ಯಾರ್ಗೂ ಇಲ್ಲ ಸಾ, ಅರಕೆ ಸೊಪ್ಪು’ ಎಂದಳು. ಒಳಗೆಲ್ಲ ಹುಡುಕಿದರೂ ರೋಗಿ ಸಿಗಲಿಲ್ಲ. ಹಗ್ಗದ ಮೇಲೆ ಒಂದು ಕೂಸಿನ ಅಂಗಿ ಇತ್ತು. ಅಜ್ಜಿಯ ಮಗಳು, ನಾವು ಅಕ್ಕ ಎನ್ನುತ್ತಿದ್ದವಳು, ಕೂಸು ಕಟ್ಟಿಕೊಂಡು ತವರಿಗೆ ಬಂದು, ತಂಗಿಗೆ ಜ್ವರ ಬರುವ ಮೊದಲೇ ಗಂಡನ ಊರು ಹುಲ್ಲಹಳ್ಳಿಗೆ ವಾಪಸಾಗಿದ್ದಳು. ಆ ಅಂಗಿ ಮರೆತು ಉಳಿದದ್ದು.

ಇನ್ಸ್‌ಪೆಕ್ಟರು ಹೊರಗೆ ಬಂದು, ಜಗಲಿಯ ಮೇಲಿದ್ದ ನನ್ನನ್ನು ಕರೆದರು. ‘ನೀನು ಹೇಳೋ ಮರಿ. ಈ ಮನೇಲಿ ಯಾರಿಗಾಗಿತ್ತು?’

ಆಗಲೇ ನಮ್ಮ ಒಳಕೋಣೆಯಲ್ಲಿ ತಂಗಿ ನರಳಿದಳು. ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಕೇಳಿಸಿತು, ನನಗೂ ಕೇಳಿಸಿತು. ಇವರಿಗೆ ಕೇಳಿಸುವುದರೊಳಗೆ ಏನಾದರೂ ಹೇಳಬೇಕಿತ್ತು.

‘ಮೊಮ್ಮಗೂಗೆ ಸಾ. ಅಕ್ಕ ಉಲ್ಲಳ್ಳಿಗೆ ಎತ್ಕಂಡೋದ್ರು’ ಎಂದೆ.

‘ಮಕ್ಳು ಸುಳ್ಳೇಳಕಿಲ್ಲ ಸಾ’ ಎಂದು ಅಪ್ಪ ಸೇರಿಸಿದ.

ಅಜ್ಜಿ ನನ್ನನ್ನು ನೋಡಿದಳು. ಕೂಸಿಗೆ ಏನೂ ಆಗಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ಹಾಗಾದರೆ ಬೇವು ಯಾರಿಗಾಗಿ ಎಂದರೆ ಅರಕೆಯದು ಎಂಬ ಮೊದಲಿನ ಮಾತನ್ನೇ ಹೇಳಿದಳು. ನಮ್ಮ ಬಾಗಿಲಿನ ಕಡೆ ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ. ಜೀಪು ಹುಲ್ಲಹಳ್ಳಿಯ ಕಡೆ ಹೊರಟಿತು.

ಅಲ್ಲಿ ಬಸ್ಸು ನಿಲ್ಲುವ ಕಡೆ ಅಕ್ಕ ಮತ್ತು ಅವಳ ಗಂಡ ಒಂದು ಸಣ್ಣ ಹೋಟೆಲು ಇಟ್ಟಿದ್ದರು. ಮುಂದೆ ಹೋಟೆಲು, ಹಿಂದೆ ಮನೆ. ಸಂತೆಯ ದಿನ ಇಡ್ಲಿಗೆ ಜನ ನಿಂತು ಕಾಯುತ್ತಿದ್ದರು. ಮದುವೆಗೆ ಮುಂಚೆ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದವಳು, ಕುಂಟೆಬಿಲ್ಲೆ ಕಲಿಸಿದವಳು ಈ ಅಕ್ಕ. ಜೀಪು ಹೋದಾಗ ಆ ಕೂಸಿನ ಮೈಮೇಲೆ ಸೆಕೆಗೆ ಬೆವರುಗುಳ್ಳೆ ಎದ್ದಿದ್ದವಂತೆ. ಮೊದಲೇ ಅನುಮಾನದಿಂದ ಬಂದವರಿಗೆ ಅಷ್ಟು ಸಾಕಾಯಿತು. ಹೋಟೆಲು ಮುಚ್ಚಿಸಿ ಕಾವಲು ಹಾಕಿದರು. ಹಾಸಿಗೆ ಬಟ್ಟೆ ಸುಟ್ಟರು. ನೆನೆಸಿದ್ದ ಅಕ್ಕಿ, ಉದ್ದು ಚರಂಡಿಗೆ ಹೋಯಿತು. ಆಮೇಲೆ ದೊಡ್ಡ ಡಾಕ್ಟರು ಬಂದು ನೋಡಿ ಇದು ಸಿಡುಬಲ್ಲ ಎಂದು ಕಾವಲು ತೆಗೆಸಿದರು. ಆದರೆ ಸಂತೆಗೆ ಬರುವ ಜನಕ್ಕೆ ಆ ಮಾತನ್ನು ಯಾರು ಹೇಳಬೇಕು? ‘ಅಮ್ಮನ ಹೋಟ್ಲು’ ಎಂಬ ಹೆಸರು ನಿಂತುಹೋಯಿತು. ಒಲೆ ಹಚ್ಚಿ ಕೂತರೂ ಟೀ ಕುಡಿಯಲು ಯಾರೂ ಬರಲಿಲ್ಲ. ಗಂಡ ಪಾತ್ರೆಗಳನ್ನು ಮಾರಿ ಕೊಡಗಿನ ತೋಟದ ಕೆಲಸಕ್ಕೆ ಹೋದವನು ಮತ್ತೆ ಬರಲಿಲ್ಲ.

ನಮ್ಮ ಬೆಲ್ಲ ಮಾರಾಟವಾಯಿತು. ತಂಗಿ ಬದುಕಿದಳು, ಮುಖದಲ್ಲಿ ಕಲೆ ಉಳಿಯಿತು. ಮೈಲಿ ಹಾಕುವವರು ಹುಲ್ಲಹಳ್ಳಿಯಲ್ಲಿ ತೊಡಗಿದ್ದರಿಂದ ನಮ್ಮ ಬೀದಿಗೆ ಬರುವುದು ತಡವಾಯಿತು. ಅಷ್ಟರಲ್ಲಿ, ಆಲೆಮನೆಯಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದ ಆಳು, ನಮ್ಮ ಮನೆಗೆ ಬಂದು ಮಜ್ಜಿಗೆ ಕುಡಿದು ಹೋಗುತ್ತಿದ್ದವನು, ಅಮ್ಮ ಬಂದು ಮಲಗಿದ. ಎದ್ದಾಗ ಅವನಿಗೆ ಒಂದು ಕಣ್ಣಿರಲಿಲ್ಲ. ಅದು ನಮ್ಮ ಮನೆಯಿಂದಲೇ ಹೋಯಿತು ಎಂದು ಅಪ್ಪ ಒಪ್ಪಲಿಲ್ಲ. ಅಲ್ಲ ಎನ್ನುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಅಕ್ಕ ಕೂಸನ್ನು ಎತ್ತಿಕೊಂಡು ತವರಿಗೆ ಬಂದ ದಿನ ನಾನು ಅಜ್ಜಿಯ ಮನೆಯಲ್ಲೇ ಇದ್ದೆ. ಅವಳು ಹೊಸಿಲು ದಾಟದೆಯೇ ಕೇಳಿದಳು.

‘ನೀನೇ ಯೋಳಿದ್ದಲ್ವಾ? ನಿನ್ ಮನೆ ತಾವ್ಲಿಂದ್ಲೇ ಬಂದೋ ಅಂದ್ರು ಜೀಪ್ನೋರು. ನನ್ ಸಂಸಾರ ಮುಳುಗ್ಸಕ್ಕೆ ನಿಂಗ್ಯಾಕವ್ವ ಅಷ್ಟ್ ಅವಸ್ರ?’

ಅಜ್ಜಿ ನನ್ನ ಕಡೆ ನೋಡಿದಳು. ನಾನು ತಲೆ ಎತ್ತಲಿಲ್ಲ.

‘ಊಂ ಕಣವ್ವ. ಬಾಯ್ತಪ್ಪಿ ಅಂದ್ಬುಟ್ಟೆ’ ಎಂದಳು ಅಜ್ಜಿ.

ಆಮೇಲೆ ತಾಯಿ ಮಗಳು ಒಂದೇ ಮನೆಯಲ್ಲಿ ಎರಡು ಒಲೆ ಹೂಡಿ ಬದುಕಿದರು. ಮಾತಿರಲಿಲ್ಲ. ಮಗಳು ಗದ್ದೆ ಕೂಲಿಗೆ ಹೋಗುತ್ತಿದ್ದಳು, ತಾಯಿ ಪುರಿ ಹುರಿಯುತ್ತಿದ್ದಳು. ಏನಾದರೂ ಹೇಳಬೇಕಾದರೆ ಕೂಸಿಗೆ ಹೇಳಿದಂತೆ ಹೇಳುತ್ತಿದ್ದರು. ಗೋಡೆಯ ಈ ಕಡೆ ನಾನು ಅದನ್ನು ಕೇಳುತ್ತ ಹೈಸ್ಕೂಲು ಮುಗಿಸಿದೆ. ಆ ಮಾತು ಹೇಳಿದ್ದು ನಾನು ಎಂದು ಯಾವ ದಿನ ಬೇಕಾದರೂ ಹೇಳಬಹುದಿತ್ತು. ಮೊದಲು ಅಪ್ಪನ ಭಯ, ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆಂಬ ಭಯ. ಅಜ್ಜಿ ಹಾಗೆಯೇ ಸತ್ತಳು. ಹೆಣದ ಮುಂದೆ ಮಗಳು ಅಳಲಿಲ್ಲ ಎಂದು ಊರವರು ಆಡಿಕೊಂಡರು.

ನಾನು ನಂಜನಗೂಡಿನ ಒಂದು ಅಕ್ಕಿ ಗಿರಣಿಗೆ ಸೇರಿದೆ. ಬಹಳ ವರ್ಷದ ಮೇಲೆ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಹೂ ಕಟ್ಟುತ್ತ ಕೂತಿದ್ದ ಮುದುಕಿ ನನ್ನನ್ನು ಕೂಗಿದರು. ನೋಡಿದರೆ ಅದೇ ಅಕ್ಕ.

‘ಲೋ, ಬೆಲ್ಲದ ಗಿರಾಕಿ ಅಲ್ವೇನ್ಲಾ ನೀನು? ತಂಗಿ ಎಂಗವ್ಳೆ?’

‘ಚೆನ್ನಾಗವ್ಳೆ ಅಕ್ಕ. ಮೊಮ್ಮಕ್ಳವೆ.’

‘ಬಾಳ್ಲಿ. ನಮ್ಮವ್ವ ಆವತ್ತು ಒಂದ್ ಮಾತು ತಡ್ಕಂಡಿದ್ರೆ ನಾನೂ ಗಲ್ಲಾಪೆಟ್ಟಿಗೆ ಮುಂದೆ ಕುಂತಿರ್ತಿದ್ದೆ’ ಎಂದು ನಕ್ಕರು. ಕೋಪ ಇರಲಿಲ್ಲ. ಒಂದು ಮೊಳ ಮಲ್ಲಿಗೆ ಮನೆಗೆ ಒಯ್ಯಿ ಎಂದು ಕೈಗಿಟ್ಟರು. ಬಸ್ಸು ಬಂತು. ಹತ್ತಿದೆ.

ಕೊರೋನಾ ಬಂದಾಗ ನಮ್ಮ ನಂಜನಗೂಡು ಬೇಗನೆ ಬಾಗಿಲು ಹಾಕಿತು. ಮಗನಿಗೆ ಪಾಸಿಟಿವ್ ಆಗಿ ನಮ್ಮ ಮನೆಗೂ ಕಾಗದ ಅಂಟಿಸಿದರು. ಹಾಲಿನವನು ಎದುರು ಫುಟ್‌ಪಾತಿನಲ್ಲಿ ನಡೆಯತೊಡಗಿದ. ಕಾಗದ ತೆಗೆದ ಮೇಲೂ ಮಗನ ಸಲೂನಿಗೆ ಬಹಳ ದಿನ ಯಾರೂ ಬರಲಿಲ್ಲ. ಅವನು ಖಾಲಿ ಕುರ್ಚಿಯನ್ನು ಒರೆಸುತ್ತ ನಿಂತಿದ್ದನ್ನು ನೋಡಿದ ದಿನ, ನರಸೀಪುರಕ್ಕೆ ಹೋಗಿ ಹೇಳಿಬಿಡಬೇಕೆಂದು ತೀರ್ಮಾನಿಸಿದೆ. ಬಸ್ಸುಗಳಿರಲಿಲ್ಲ. ಬಸ್ಸು ಬಿಟ್ಟ ಮೇಲೆ ಹೋದೆ. ಅವರು ಕೂರುತ್ತಿದ್ದ ಜಾಗದಲ್ಲಿ ಬೇರೊಬ್ಬಳು ಹೂ ಕಟ್ಟುತ್ತಿದ್ದಳು.

‘ಆ ಅಜ್ಜೀನಾ? ಎಲ್ಲ ಮುಚ್ಚಿತ್ತಲ್ಲ, ಆಗ್ಲೇ ಓಗ್ಬುಡ್ತು ಕಣಪ್ಪ. ಏನಾಗಿತ್ತು ಅಂತ ಯಾರ್ಗೂ ಗೊತ್ತಿಲ್ಲ. ಎತ್ತಕ್ಕೂ ಜನ ಇರ್ನಿಲ್ಲ’ ಎಂದಳು.

ಸಿಡುಬು ಈ ಲೋಕದಿಂದ ಹೋಯಿತು. ಅದು ಹೋದದ್ದಕ್ಕೆ ಯಾರೂ ಮರುಗಬೇಕಿಲ್ಲ. ಆ ಕಾವಲು, ಆ ಸೂಜಿ ಎರಡೂ ಸರಿಯೇ ಇದ್ದವು. ಪಕ್ಕದ ಮನೆಯ ಮಗುವಿಗಾಗಿ ತನ್ನ ದುಡಿಮೆಯ ಒಲೆಯನ್ನು ಆರಿಸಿ ಕೂರುವ ಹೆಂಗಸನ್ನು ಮಾತ್ರ ನಾನು ಆಮೇಲೆ ಎಲ್ಲೂ ಕಾಣಲಿಲ್ಲ. ಅಂಥವಳ ಮೇಲೆ ಅವಳ ಮಗಳಿಗೆ ಕೊನೆಯವರೆಗೂ ಸಿಟ್ಟು ಉಳಿಯುವಂತೆ ಮಾಡಿದವನು ನಾನು. ನಿನ್ನ ತಾಯಿ ಆ ಮಾತು ಆಡಲಿಲ್ಲ ಎಂದು ತಿಳಿಸಲು ಈಗ ಇಬ್ಬರಲ್ಲಿ ಒಬ್ಬರೂ ಇಲ್ಲ.

ಇಷ್ಟು ಹೊತ್ತೂ ಅಕ್ಕ, ಮಗಳು, ಮುದುಕಿ ಎಂದೇ ಬರೆದೆ. ಅವರ ಹೆಸರು ಚಿಕ್ಕತಾಯಮ್ಮ.